ಇಸಾಕ್ ಸಾಹೇಬರು ಮತ್ತು ಮದ್ದೂರಿನ ಜಾಯಿಂಟು

ಮಂಡ್ಯ, ಮದ್ದೂರು, ಮಳವಳ್ಳಿಗಳ ನೆಲದಡಿಯಲ್ಲಿ ಹಾದುಹೋಗಿರುವ ಟೆಲಿಫೋನ್ ಕೇಬಲ್ಲುಗಳು ಜನರ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಅವುಗಳನ್ನು ಬೆಸೆದ ಕೈಗಳನ್ನೂ ಯಾರೂ ನೆನೆಯುವುದಿಲ್ಲ. ಮೂವತ್ತೊಂದು ವರ್ಷಗಳಿಂದ ಆ ಬೆಸುಗೆಗಳನ್ನು ಮಾಡುತ್ತ ಬಂದ ನಮ್ಮ ಇಲಾಖೆಯ ಹಿರಿಯ ಕೇಬಲ್ ಜಾಯಿಂಟರ್ ಶ್ರೀ ಇಸಾಕ್ ಸಾಹೇಬರು ಇದೇ 1979ರ ಜೂನ್ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಅವರ ಅಭಿನಂದನ ಗ್ರಂಥಕ್ಕೆ ನಾನೂ ನಾಲ್ಕು ಮಾತು ಬರೆಯಬೇಕೆಂದು ಸಮಿತಿಯ ಅಧ್ಯಕ್ಷರಾದ ಶ್ರೀ ವೆಂಕಟರಾಮಯ್ಯನವರು ಅಪ್ಪಣೆ ಮಾಡಿದಾಗ ನನಗೆ ಹೆಮ್ಮೆಗಿಂತ ಮೊದಲು ಹೆದರಿಕೆಯಾಯಿತು. ಏಕೆಂದರೆ ಅವರನ್ನು ಹೊಗಳುವ ಯೋಗ್ಯತೆ ಇಲ್ಲದವನೊಬ್ಬ ಇಲಾಖೆಯಲ್ಲಿದ್ದರೆ ಅದು ನಾನೇ.

ನಾನು ಯಲಿಯೂರಿನವನು, ಹೆಸರು ಚಲುವನಾರಾಯಣ. 1970ರಲ್ಲಿ ಅವರ ಕೈಕೆಳಗೆ ಸೇರಿದಾಗ ಕೇಬಲ್ಲಿನೊಳಗಿನ ತಾಮ್ರದ ತಂತಿಗೆ ಕಾಗದ ಸುತ್ತಿರುತ್ತದೆಂಬುದೂ ನನಗೆ ಗೊತ್ತಿರಲಿಲ್ಲ. ಒಂದೊಂದು ಎಳೆಯನ್ನೂ ಅದರ ಜೊತೆಯ ಎಳೆಗೆ ಹೊಸೆದು, ಮೇಲೆ ಕಾಗದದ ಸಣ್ಣ ಕೊಳವೆ ಸರಿಸಿ, ಕೊನೆಗೆ ಕುದಿಯುವ ಮೇಣ ಸುರಿಯಬೇಕು. ಒಳಗೆ ಬೆವರಿನ ಹನಿಯಷ್ಟು ತೇವವಿದ್ದರೂ ಮೇಣ ಚಟಪಟ ಎನ್ನುತ್ತದೆ. ಆ ಸದ್ದು ಪೂರ್ತಿ ಅಡಗಿದ ಮೇಲಷ್ಟೇ ಸೀಸದ ಹೊದಿಕೆ ಮುಚ್ಚಿ ಬೆಸೆಯಬೇಕು; ತೇವ ಉಳಿದರೆ ಕಾಗದ ನೆನೆದು ಲೈನು ಸಾಯುತ್ತದೆ. ಮುಚ್ಚುವ ಮುನ್ನ, ಕೆಲಸ ಮಾಡಿದವನು ತನ್ನ ಹೆಸರು, ತಾರೀಕು ಬರೆದ ಚೀಟಿಯನ್ನು ಒಳಗಿಡುವುದು ನಮ್ಮಲ್ಲಿ ರೂಢಿ. ಇಷ್ಟನ್ನೂ ಸಾಹೇಬರು ಒಂದು ದಿನವೂ ದನಿ ಏರಿಸದೆ, ನನ್ನಂಥ ಒರಟನಿಗೆ ವರ್ಷಗಟ್ಟಲೆ ಕಲಿಸಿದರು.

ಅವರ ಸಂಸಾರ ಮಳವಳ್ಳಿಯಲ್ಲಿತ್ತು. ವಾರದ ದಿನಗಳಲ್ಲಿ ಅವರು ಮದ್ದೂರಿನ ಡಿಪೋದಲ್ಲೇ ಉಳಿಯುತ್ತಿದ್ದರು. ಅವರ ಪತ್ನಿ ಅಖ್ತರ್ ಬೇಗಂ ಅವರು ಬೆಳಗಿನ ಬಸ್ಸಿನಲ್ಲಿ ಕಳಿಸುತ್ತಿದ್ದ ಕ್ಯಾರಿಯರಿನಲ್ಲಿ ಯಾವಾಗಲೂ ಇಬ್ಬರ ಊಟವಿರುತ್ತಿತ್ತು. ಒಮ್ಮೆ ನಾನು ಮಳವಳ್ಳಿಗೆ ಹೋದಾಗ ಆ ತಾಯಿ, “ಮೂಳೆ ಎಣಿಸ್ಬೋದು ಕಣಪ್ಪ ನಿನ್ನ, ಸರಿಯಾಗ್ ಉಣ್ಣು” ಎಂದು ಗದರಿದ್ದರು. ನಾಲ್ಕು ವರ್ಷ ನಾನು ಅವರ ಕೈ ಅನ್ನ ತಿಂದೆ.

ಮಳವಳ್ಳಿಯಿಂದ ಕಂಬಗಳ ಮೇಲೆ ಬರುವ ಟ್ರಂಕ್ ತಂತಿಗಳು ಮದ್ದೂರಿನ ಹೊರಗೆ ನೆಲಕ್ಕಿಳಿದು, ಕೇಬಲ್ಲಾಗಿ ಎಕ್ಸ್‌ಚೇಂಜನ್ನು ಸೇರುತ್ತವೆ. 1974ರ ಮೇ ತಿಂಗಳಲ್ಲಿ ಅಲ್ಲಿನ ಜಾಯಿಂಟೊಂದನ್ನು ಹೊಸದಾಗಿ ಮಾಡಬೇಕಾಯಿತು. ಸಾಹೇಬರನ್ನು ಮಂಡ್ಯಕ್ಕೆ ಕರೆಸಿಕೊಂಡಿದ್ದರು. ನನ್ನನ್ನು ನಂಬಿ ಕೆಲಸವನ್ನು ನನಗೆ ಒಪ್ಪಿಸಿಹೋದರು. ಅಂದು ಸಂಜೆ ಯಲಿಯೂರಿನಲ್ಲಿ ನಮ್ಮ ನಾಟಕದ ತಾಲೀಮು. ನನ್ನದು ಸಾರಥಿಯ ಪಾತ್ರ, ಮೂರೇ ಮಾತು. ಆ ಮೂರು ಮಾತಿನ ಮೋಹಕ್ಕೆ, ರೈಲು ತಪ್ಪೀತೆಂದು, ಮೇಣ ಇನ್ನೂ ಚಟಪಟ ಎನ್ನುತ್ತಿರುವಾಗಲೇ ಸೀಸ ಮುಚ್ಚಿದೆ. ಸದ್ದು ಕೇಳಿಸಲಿಲ್ಲವೆಂದು ಸುಳ್ಳು ಹೇಳಲಾರೆ. ಕೇಳಿಸಿತು, ಮುಚ್ಚಿದೆ.

ಹನ್ನೊಂದನೆಯ ದಿನ ಮಳವಳ್ಳಿಯ ಲೈನುಗಳೆಲ್ಲ ಸತ್ತವು. ಅದೇ ಬೆಳಿಗ್ಗೆ ಅಖ್ತರ್ ಬೇಗಂ ಅವರಿಗೆ ಎದೆ ಹಿಡಿದುಕೊಂಡಿತು. ಪಕ್ಕದ ಮನೆಯ ಅಂಕಯ್ಯನವರು ಮಳವಳ್ಳಿ ಎಕ್ಸ್‌ಚೇಂಜಿಗೆ ಓಡಿ ಎರಡು ಗಂಟೆ ಪ್ರಯತ್ನಪಟ್ಟರೂ ಮದ್ದೂರು ಸಿಕ್ಕಲಿಲ್ಲ. ಕೊನೆಗೆ ಬಸ್ಸು ಹತ್ತಿ ಡಿಪೋಗೆ ಬಂದು, ಏದುಸಿರು ಬಿಡುತ್ತ, “ಸಾಬ್ರೇ, ಒಂಟ್ಬುಡಿ, ಈಗ್ಲೇ” ಎಂದರು. ಸಾಹೇಬರು ಮನೆ ಮುಟ್ಟುವ ಅರ್ಧ ಗಂಟೆ ಮೊದಲು ಆಕೆ ಹೋಗಿದ್ದರು. ಕೊನೆಯವರೆಗೂ “ಫೋನ್ ಸಿಕ್ತಾ?” ಎಂದೇ ಕೇಳುತ್ತಿದ್ದರಂತೆ.

ಮಣ್ಣು ಮಾಡಿದ ಮಾರನೆಯ ದಿನವೇ ಸಾಹೇಬರು ಕೆಲಸಕ್ಕೆ ಬಂದರು, ಏಕೆಂದರೆ ಕೆಟ್ಟ ಜಾಯಿಂಟನ್ನು ಬಿಚ್ಚಿ ಸರಿಪಡಿಸಬಲ್ಲ ಅನುಭವಿಗಳು ಬೇರೆ ಯಾರೂ ಇರಲಿಲ್ಲ. ಗುಂಡಿಯಲ್ಲಿ ನಾನು ಅವರ ಎದುರಿಗೇ ಕೂತಿದ್ದೆ. ಸೀಸ ಕೊಯ್ದರು, ನೆನೆದು ಕಪ್ಪಾದ ಕಾಗದ ನೋಡಿದರು, ನನ್ನ ಹೆಸರಿನ ಚೀಟಿಯನ್ನು ತೆಗೆದು ಓದಿದರು. ಹೊಡೆದಿದ್ದರೂ ಸಮಾಧಾನವಾಗುತ್ತಿತ್ತು. ಅವರು ಚೀಟಿಯನ್ನು ಬೆಸುಗೆಯ ದೀಪದ ಉರಿಗೆ ಹಿಡಿದು ಸುಟ್ಟು, ಹೊಸ ಮೇಣ ಸುರಿಯುತ್ತ ಹೇಳಿದ್ದು ಇಷ್ಟೇ: “ಕೇಳಿಸ್ಕೊ ಚಲುವ. ಇದು ಸುಮ್ಕಾದ್ಮೇಲೇ ಮುಚ್ಬೇಕು.”

ವರದಿಯಲ್ಲಿ ತಪ್ಪು ತಮ್ಮದೆಂದು ಬರೆದರು. ಸಂಜೆ ಡಿಪೋದಲ್ಲಿ ನಾನು ಕಾಲು ಹಿಡಿದುಕೊಂಡಾಗ, “ಎದ್ದೇಳ್ಲಾ. ನೀನಿನ್ನೂ ಖಾಯಂ ಆಗಿಲ್ಲ, ಮನೆಗ್ ಕಳಿಸ್ಬುಡ್ತಾರೆ. ನನ್ನ ಏನ್ ಮಾಡ್ತಾರೆ?” ಎಂದರು. ಮೇಲಿನವರು ಮಾಡುವುದನ್ನು ಮಾಡಿಯೇ ಮಾಡಿದರು. ತರಬೇತಿ ಕೇಂದ್ರದ ಶಿಕ್ಷಕರ ಹುದ್ದೆಗೆ ಶಿಫಾರಸಾಗಿ ಹೋಗಿದ್ದ ಸಾಹೇಬರ ಹೆಸರು ವಾಪಸು ಬಂತು. ಮತ್ತೊಮ್ಮೆ ಹೋಗಲಿಲ್ಲ. ನಾನು ಖಾಯಮ್ಮಾದೆ, ಜಾಯಿಂಟರನೂ ಆದೆ, ಐದು ವರ್ಷ ಬಾಯಿ ಬಿಡಲಿಲ್ಲ. ಮದ್ದೂರಿನ ಆ ಕೆಟ್ಟ ಜಾಯಿಂಟು ಇಸಾಕ್ ಸಾಹೇಬರದಲ್ಲ, ನನ್ನದು ಎಂದು ಈ ಗ್ರಂಥವನ್ನು ಓದುವ ಮೇಲಧಿಕಾರಿಗಳೆಲ್ಲರೂ ದಯವಿಟ್ಟು ತಿಳಿಯಬೇಕು.

ಸಾಹೇಬರಿಗೆ ತಿಳಿಸದೆ ಅಚ್ಚಿಗೆ ಕೊಡುವುದು ತರವಲ್ಲವೆಂದು ಕಳೆದ ಭಾನುವಾರ ಮಳವಳ್ಳಿಗೆ ಹೋಗಿ, ಜಗಲಿಯ ಮೇಲೆ ಕೂತು ಇಲ್ಲಿಯವರೆಗಿನದನ್ನು ಓದಿ ಹೇಳಿದೆ. ಅವರು “ಇದೆಲ್ಲ ಪ್ರಿಂಟಾಯ್ತದಾ?” ಎಂದು ಕೇಳಿದರು.

“ಆಯ್ತದೆ. ಬ್ಯಾಡ ಅಂದ್ರೆ ತಗ್ದುಬುಡ್ತೀನಿ ಸಾಬ್ರೇ.”

“ನಿನ್ ತಪ್ಪು ಬೇಕಾದ್ರೆ ತಗ್ದಾಕು,” ಎಂದರು. “ಅವಳ ಎಸರು ಮಾತ್ರ ಬುಡ್ಬ್ಯಾಡ ಕಣ್ಲಾ. ಅವಳ ಎಸರು ಇದುವರ್ಗೂ ಎಲ್ಲೂ ಅಚ್ಚಾಗಿಲ್ಲ.”

ಎರಡನ್ನೂ ತೆಗೆದಿಲ್ಲ. ಇಂಥ ಲೇಖನಗಳ ಕೊನೆಗೆ ನೂರ್ಕಾಲ ಬಾಳಿರೆಂದು ಹಾರೈಸುವುದು ಪದ್ಧತಿ. ಆಕೆ ಇಲ್ಲದ ಮನೆಯಲ್ಲಿ ಅಷ್ಟು ಕಾಲ ಇರಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೂ, ಕೆಲಸ ಕಲಿಯಲು ಬರುವ ಹೊಸಬರು ಇನ್ನೂ ಬೇಕಾದಷ್ಟಿದ್ದಾರೆ, ಅವರಿಗೆ ಹೇಳಿಕೊಡಲು ಇಸಾಕ್ ಸಾಹೇಬರು ಬಹುಕಾಲ ಇರಲಿ ಎಂದು ಬೇಡುತ್ತೇನೆ. ಗ್ರಂಥದ ಮೊದಲ ಪ್ರತಿ ಕೈಗೆ ಬಂದ ದಿನ ಅವರು ಈ ಪುಟವನ್ನು ತೆರೆದು, ನನ್ನ ಹೆಸರನ್ನು ದಾಟಿಕೊಂಡು, ಅಖ್ತರ್ ಬೇಗಂ ಎಂಬಲ್ಲಿ ನಿಲ್ಲಲಿ.