ಬಾನೆಟ್ಟಿನ ಮೇಲೆ ವಿಭೂತಿ

ನಮ್ಮಪ್ಪ ಚಿಕ್ಕಪೇಟೆಯಲ್ಲಿ ರೇಷ್ಮೆ ಸೀರೆಯ ವ್ಯಾಪಾರಿ. ಸೀರೆಯನ್ನು ಅವರು ಕಣ್ಣಿನಿಂದ ನೋಡಿದ್ದಕ್ಕಿಂತ ಹೆಬ್ಬೆರಳಿನಿಂದ ನೋಡಿದ್ದೇ ಹೆಚ್ಚು. ಸೆರಗಿನ ಮೇಲೆ ಬೆರಳು ಸವರುತ್ತಾ ಹೋಗಿ, ಎಲ್ಲಾದರೂ ಎಳೆ ಗಂಟಾಗಿದ್ದರೆ ಅಲ್ಲೇ ನಿಲ್ಲಿಸಿ, ಮಾತಿಲ್ಲದೆ ಪಕ್ಕಕ್ಕಿಡುತ್ತಿದ್ದರು. ನಾನು ಮಡಿಸಿದ ಸೀರೆ, ನಾನು ಜೋಡಿಸಿದ ಬೀರು, ನಾನು ಆರಿಸಿ ತಂದ ಮಾಲು, ಎಲ್ಲದರ ಗತಿಯೂ ಅದೇ. ಇಪ್ಪತ್ತೇಳು ತುಂಬಿದರೂ ನಾನು ಮಾಡಿದ ಒಂದು ಕೆಲಸವನ್ನೂ ಅವರು ಮೆಚ್ಚಿರಲಿಲ್ಲ. ಅದರಿಂದ ನನಗೇನೂ ಬೇಜಾರಿಲ್ಲ ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದೆ. ಬೇಜಾರಿತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ಅವರ ಕಣ್ಣಿಗೆ ಪೊರೆ ಬಂತು. ಕಾರು ಓಡಿಸಲಾಗದೆ ತಮ್ಮ ಹಳೆಯ ಕಪ್ಪು ಕಾರನ್ನು ಮಾರಿದರು. ಮಾರಿದ ದಿನ ಊಟಕ್ಕೆ ಏಳಲಿಲ್ಲ. ಆಮೇಲೆ ಆಪರೇಷನ್ ಆಗಿ, ಕಣ್ಣಿಗೆ ಕಟ್ಟು ಹಾಕಿಸಿಕೊಂಡು, ಚಾಮರಾಜಪೇಟೆಯ ಮನೆಯ ನಡುಕೋಣೆಯಲ್ಲಿ ತಲೆ ಅಲ್ಲಾಡಿಸದೆ ಮಲಗಿದ್ದರು. ಕಟ್ಟು ಬಿಚ್ಚುವ ದಿನ ಅವರ ಕಣ್ಣಿಗೆ ಮೊದಲು ಬೀಳುವುದು ಆ ಕಾರೇ ಆಗಬೇಕು ಅಂತ ನಾನು ನಿರ್ಧರಿಸಿದೆ. ಗೊಂಬೆ ಮಾಡುವ ಹಾಲೆ ಮರದಲ್ಲಿ ಗೇಣುದ್ದದ ಮಾದರಿಯೊಂದನ್ನು ಹೇಗೋ ಕೆತ್ತಿದೆ. ಸಿಕ್ಕಿಹಾಕಿಕೊಂಡದ್ದು ಬಣ್ಣದಲ್ಲಿ.

ಮೊದಲ ಸಲ ಬ್ರಷ್ಷಿನ ಗೆರೆಗಳು ಉಳಿದವು. ಎರಡನೆಯ ಸಲ ದಪ್ಪಗೆ ಬಳಿದೆ, ಬಾಗಿಲಿನಿಂದ ಬಣ್ಣ ಕಣ್ಣೀರಿನ ಹಾಗೆ ಇಳಿಯಿತು. ತಾಳ್ಮೆ ನನ್ನ ಜಾತಕದಲ್ಲೇ ಇಲ್ಲ. ಕಲಾಸಿಪಾಳ್ಯದ ಗ್ಯಾರೇಜಿನಲ್ಲಿ ವಯಸ್ಸಾದ ಪೇಂಟರೊಬ್ಬರಿದ್ದರು, ಅವರ ಮುಂದೆ ತೆಗೆದುಕೊಂಡು ಹೋಗಿ ಇಟ್ಟೆ. ಅವರು ನಗಲಿಲ್ಲ, ಅದೇ ದೊಡ್ಡದು.

“ಹೊಳಪು ಬಣ್ಣದಿಂದ ಬರಲ್ಲ ಸ್ವಾಮಿ, ಕೆಳಗಡೆ ಉಜ್ಜಿರ್ತೀವಲ್ಲ, ಅದರಿಂದ ಬರುತ್ತೆ” ಅಂದರು.

ಮರದ ರಂಧ್ರಗಳಿಗೆ ಪುಟ್ಟಿ ತುಂಬಿ, ಸೋಪಿನ ನೀರು ಹಾಕಿಕೊಂಡು ವಾಟರ್ ಪೇಪರ್ ಅನ್ನುವ ನಯವಾದ ಉಪ್ಪುಕಾಗದದಲ್ಲಿ ಉಜ್ಜಬೇಕು. ಬಣ್ಣವನ್ನು ತೆಳು ಬಟ್ಟೆಯಲ್ಲಿ ಸೋಸಿ, ಡಬ್ಬಿಯನ್ನು ಬಿಸಿನೀರಿನಲ್ಲಿ ಇಟ್ಟು, ತೆಳ್ಳಗೆ ಬಳಿಯಬೇಕು. ಒಣಗಿದ ಮೇಲೆ ಬಂದ ಹೊಳಪನ್ನೆಲ್ಲ ಮತ್ತೆ ಉಜ್ಜಿ ಕೆಡಿಸಬೇಕು. ಹೀಗೆ ನಾಲ್ಕು ಸಲ. ಕೊನೆಯದನ್ನು ಬಳಿದಾದ ಮೇಲೆ ಧೂಳಿಲ್ಲದ ಕಡೆ ಇಟ್ಟು, ಒಂದು ಇಡೀ ದಿನ ಮುಟ್ಟಬಾರದು. ಅಂಗಡಿಯ ರೇಷ್ಮೆ ತುಂಡಿನಲ್ಲೇ ಬಣ್ಣ ಸೋಸಿದೆ. ಬೈದುಕೊಳ್ಳುತ್ತಾ ಉಜ್ಜಿದೆ, ಆದರೂ ಉಜ್ಜಿದೆ.

ಮಾರ್ಕೆಟ್ಟಿನ ಲಾರಿಗಳು ಹಗಲೆಲ್ಲ ಓಡಾಡುವ ನಮ್ಮ ಬೀದಿಯಲ್ಲಿ ಧೂಳಿಲ್ಲದ ಜಾಗ ಒಂದೇ, ದೇವರ ಮನೆ. ಅಮ್ಮ ಅದನ್ನು ದಿನಕ್ಕೆ ಎರಡು ಸಲ ಒರೆಸುತ್ತಿದ್ದರು. ಸಂಜೆ ಕೊನೆಯ ಕೋಟು ಬಳಿದು, ಕಾರನ್ನು ಲಿಂಗದ ಮುಂದಿನ ಮಣೆಯ ಮೇಲಿಟ್ಟು, ನನ್ನ ಬುದ್ಧಿವಂತಿಕೆಯನ್ನು ನಾನೇ ಮೆಚ್ಚಿಕೊಂಡು ಮಲಗಿದೆ.

ಬೆಳಿಗ್ಗೆ ಹೋಗಿ ನೋಡಿದರೆ ಬಾನೆಟ್ಟಿನ ಮೇಲೆ ಮೂರೆಳೆ ವಿಭೂತಿ, ನಡುವೆ ಕುಂಕುಮ, ಟಾಪಿಗೆ ಅಂಟಿಕೊಂಡ ಒಂದು ಸೇವಂತಿಗೆ. ಅಮ್ಮನ ಮೂರು ಬೆರಳಿನ ಗುರುತು ಹಸಿ ಬಣ್ಣದಲ್ಲಿ ಆಳವಾಗಿ ಇಳಿದಿತ್ತು. ನಾನು ಕೂಗಾಡಿದೆ. ಅಮ್ಮನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

“ಹೊಸ ಗಾಡಿ ತಂದು ದೇವ್ರ ಮುಂದೆ ನಿಲ್ಸಿದೀಯ. ಪೂಜೆ ಮಾಡ್ದೆ ಬಿಡ್ತಾರೇನೋ?”

ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿರಲಿಲ್ಲವಲ್ಲ, ಅಷ್ಟೇ ನನ್ನ ಪುಣ್ಯ. ಕಟ್ಟು ಬಿಚ್ಚುವುದಕ್ಕೆ ಇನ್ನು ಮೂರೇ ದಿನವಿತ್ತು. ಎಲ್ಲವನ್ನೂ ಮತ್ತೆ ಉಜ್ಜಿ, ಕೊನೆಯ ಕೋಟನ್ನು ಹೊಸದಾಗಿ ಬಳಿದೆ. ಈ ಸಲ ಅಮ್ಮನೇ ಕಾವಲಿಗೆ ನಿಂತರು. ಮನೆಯಲ್ಲಿ ಪೊರಕೆ ಮುಟ್ಟಲು ಯಾರನ್ನೂ ಬಿಡದೆ, ಮಂಡಿಯೂರಿ ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ, ಕಾರಿನ ಮೇಲೆ ಕಡುಬಿನ ಪಾತ್ರೆ ಕವುಚಿದರು. ಮೂರನೆಯ ದಿನ ಪಾತ್ರೆ ಎತ್ತಿದಾಗ ಟ್ಯೂಬ್‌ಲೈಟಿನ ಪ್ರತಿಬಿಂಬ ಕಾರಿನ ಟಾಪಿನ ಮೇಲೆ ಗೆರೆ ಎಳೆದ ಹಾಗೆ ನೆಟ್ಟಗೆ ಬಿದ್ದಿತ್ತು. ಅಮ್ಮ, ನಾನು ಇಬ್ಬರೂ ಬಗ್ಗಿ ಅದರಲ್ಲಿ ಮುಖ ನೋಡಿಕೊಂಡೆವು. ನನಗೆ ಅಷ್ಟು ಸಂತೋಷ ಮುಂದೆ ನನ್ನ ಮದುವೆಯ ದಿನವೂ ಆಗಲಿಲ್ಲ.

ಡಾಕ್ಟರು ಬಂದು ಕಟ್ಟು ಬಿಚ್ಚಿಹೋದರು. ದಪ್ಪ ಕನ್ನಡಕ ಬರುವುದಕ್ಕೆ ಇನ್ನೂ ಒಂದೂವರೆ ತಿಂಗಳು ಬೇಕೆಂದು, ಅದಿಲ್ಲದೆ ಏನೂ ಸ್ಪಷ್ಟವಾಗಿ ಕಾಣುವುದಿಲ್ಲವೆಂದು ನನಗೆ ಆಗಲೇ ತಿಳಿದದ್ದು. ಕಾರನ್ನು ಮುಂದೆ ಹಿಡಿದರೆ ಅಪ್ಪನಿಗೆ ಕಂಡದ್ದು ಏನೋ ಒಂದು ಕಪ್ಪು ಮುದ್ದೆ. ಅಷ್ಟು ಹೊಳಪೂ ದಂಡವಾಯಿತು ಅಂದುಕೊಂಡು, ನಮ್ಮ ಕಾರು ಅಂತ ಹೇಳಿ ಅವರ ಕೈಗಿಟ್ಟೆ.

ಹೆಬ್ಬೆರಳು ಟಾಪಿನಿಂದ ಹೊರಟಿತು. ಹಿಂದಿನ ಡಿಕ್ಕಿ, ಬಾಗಿಲು, ಬಾನೆಟ್ಟು. ಎಲ್ಲೂ ನಿಲ್ಲಲಿಲ್ಲ. ಎಡಗಡೆಯ ಮುಂದಿನ ಮಡ್‌ಗಾರ್ಡಿನ ಮೇಲೆ ಬೆರಳು ನಿಂತಿತು. ಹಿಂದಕ್ಕೆ ಹೋಯಿತು, ಮತ್ತೆ ಅಲ್ಲಿಗೇ ಬಂತು.

“ಇಲ್ಲಿದ್ದ ನೆಗ್ಗು ಎಲ್ಲೋ?” ಅಂದರು.

ಆ ನೆಗ್ಗು ನನ್ನದು. ಇಪ್ಪತ್ತರ ವಯಸ್ಸಿನಲ್ಲಿ, ಅವರು ಇಲ್ಲದಾಗ ಕಾರು ತೆಗೆಯಲು ಹೋಗಿ, ನಮ್ಮ ಗೇಟಿನ ಕಲ್ಲು ಕಂಬಕ್ಕೇ ಗುದ್ದಿದ್ದೆ. ಮಾರ್ಕೆಟ್ಟಿನ ಹತ್ತಿರ ನಿಲ್ಲಿಸಿದ್ದಾಗ ಯಾವುದೋ ಆಟೋ ತಗುಲಿರಬೇಕು ಅಂತ ಹೇಳಿಬಿಟ್ಟಿದ್ದೆ. ಅವರು ಏನೂ ಕೇಳಿರಲಿಲ್ಲ. ನಾನು ಈಗ ಬಾಯಿ ತೆರೆಯುವಷ್ಟರಲ್ಲಿ ಅವರೇ ಮುಂದುವರಿಸಿದರು, ಬೆರಳು ಅಲ್ಲೇ ಸವರುತ್ತಿತ್ತು.

“ಕಂಬಕ್ಕೆ ಹತ್ತಿದ್ದ ಕಪ್ಪು ಬಣ್ಣನ ಸೀಮೆಎಣ್ಣೆ ಹಾಕಿ ನಾನೇ ಉಜ್ಜಿ ತೆಗ್ದೆ. ನಿಮ್ಮಮ್ಮ ನೋಡಿದ್ರೆ ನಿನ್ನ ಬೈತಿದ್ಲು.”

ಏಳು ವರ್ಷ ಆ ಸುಳ್ಳನ್ನು ನಾನೊಬ್ಬನೇ ಕಾಪಾಡಿಕೊಂಡು ಬಂದಿದ್ದೇನೆ ಅಂದುಕೊಂಡಿದ್ದೆ.