ವಾಸುವಿನ ಗಿಟಾರಿಗೆ ಎಳೆದ ಪರದೆ

ಅಹಮದಾಬಾದಿನ ವಸ್ತ್ರಾಪುರದಲ್ಲಿರುವ ಮಗಳ ಮನೆಯಲ್ಲಿ ಮೊಮ್ಮಗಳು ಫೋನಿನಲ್ಲಿ ಗಿಟಾರ್ ಹಾಕಿಕೊಂಡು ಕೂತಿದ್ದಳು. ಜಾಝ್ ಅಂತೆ. ಎರಡು ನಿಮಿಷ ಸಹಿಸಿ, "ಅವನಿಗೆ ಹಾಡು ಮರೆತುಹೋಗಿದೆ, ನಿಲ್ಲಿಸು" ಎಂದೆ. ಈ ಮಾತು ನಾನು ಮೊದಲ ಸಲ ಆಡಿದ್ದಲ್ಲ, ನೋಡಿ.

ಎಪ್ಪತ್ತರ ದಶಕದ ಕೊನೆಗೆ ಬ್ಯಾಂಕು ನನ್ನನ್ನು ವಡೋದರಾಕ್ಕೆ ಎತ್ತಿಹಾಕಿತ್ತು. ವಾಸು ಅಲ್ಲಿಯ ಉಡುಪಿ ಹೋಟೆಲಿನ ಭಟ್ಟರ ಅಕ್ಕನ ಮಗ. ಮಾವನ ಗಲ್ಲಾದಲ್ಲಿ ಕೂರಬೇಕಾದವನು ಸೂರತ್ತಿನಲ್ಲಿ ಗೋವಾದ ಮೇಷ್ಟರೊಬ್ಬರಿಂದ ಗಿಟಾರ್ ಕಲಿತು, ಅಲ್ಲೇ ಒಂದು ದೊಡ್ಡ ಹೋಟೆಲಿನಲ್ಲಿ ವಾರಕ್ಕೆರಡು ಸಂಜೆ ನುಡಿಸುತ್ತಿದ್ದ. ಪಾನನಿಷೇಧದ ರಾಜ್ಯದಲ್ಲಿ ಜಾಝ್! ಕೇಳುವವರು ಐಸ್‌ಕ್ರೀಮ್ ಮುಗಿಸಿ ಎದ್ದುಹೋಗುತ್ತಿದ್ದರು. ಅದನ್ನು ಅವನು ಕೆರಿಯರ್ ಎನ್ನುತ್ತಿದ್ದ.

ಮಿಕ್ಕ ದಿನ ವಡೋದರಾಕ್ಕೆ ಬಂದಾಗ ನಮಗೂ ನುಡಿಸಿ ಕೇಳಿಸುತ್ತಿದ್ದ. ಶೈಲಿಯೋ, ದೇವರಿಗೇ ಪ್ರೀತಿ. ಹಾಡನ್ನು ಒಮ್ಮೆ ನೆಟ್ಟಗೆ ನುಡಿಸಿದರೆ ಆಮೇಲೆ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ತಾಳ ಬಿದ್ದಾದ ಮೇಲೆ ಸ್ವರ ಸಾವಕಾಶ ಬರುತ್ತಿತ್ತು, ಬಸ್ಸು ಹೊರಟ ಮೇಲೆ ನಿಲ್ದಾಣಕ್ಕೆ ಬರುವವರ ಹಾಗೆ. ಕೆಲವು ಬರುತ್ತಲೇ ಇರಲಿಲ್ಲ.

"ಸ್ವರದ ನಡುವೆ ಜಾಗ ಬೇಕು ಸರ್," ಎನ್ನುತ್ತಿದ್ದ.

"ಜಾಗ ಬೇಕಾದ್ರೆ ಗೋಡೌನ್ ತಗೊಳ್ಳಪ್ಪ," ಎನ್ನುತ್ತಿದ್ದೆ ನಾನು. ನನ್ನ ಸಂಗೀತಜ್ಞಾನ ಭಜನೆಯ ಚಪ್ಪಾಳೆಯಿಂದಾಚೆ ಹೋದದ್ದಲ್ಲ. ನಾಲಿಗೆ ಮಾತ್ರ ಉದ್ದ.

ಅಹಮದಾಬಾದಿನ ವಾದ್ಯತಂಡವೊಂದು ಅವನನ್ನು ಕರೆದಾಗ ಭಟ್ಟರು ಷರತ್ತು ಹಾಕಿದರು. ನಮ್ಮ ಕನ್ನಡ ಕೂಟದ ವಾರ್ಷಿಕೋತ್ಸವದಲ್ಲಿ ತಮ್ಮೆದುರು ನುಡಿಸಲಿ. ನಾಲ್ಕು ಜನ ಮೆಚ್ಚಿದರೆ ಹೋಗಲಿ, ಇಲ್ಲವಾದರೆ ಗಲ್ಲಾ. ಕೂಟದ ಕಾರ್ಯದರ್ಶಿ ನಾನೇ.

ವಾಸು ನಮಗೆಲ್ಲ ಬಾಯಿಪಾಠವಿದ್ದ ಒಂದು ಜೋಗುಳ ಎತ್ತಿಕೊಂಡ. ಪಲ್ಲವಿ ಮರಳಿದಾಗ ಸಭೆಯೂ ದನಿಗೂಡಿಸುವುದು ನಮ್ಮ ಕೂಟದ ರೂಢಿ. ಎಲ್ಲರೂ ಬಾಯಿ ಸಿದ್ಧಮಾಡಿಕೊಂಡು ಕಾದರು. ಪಲ್ಲವಿ ಬರಲೇ ಇಲ್ಲ. ಅವನು ಕಣ್ಣು ಮುಚ್ಚಿ ಎಲ್ಲೆಲ್ಲೋ ಹೋಗುತ್ತಿದ್ದ.

"ಎಂಥ ಮಾರಾಯ್ರೆ, ಇವನಿಗೆ ಮರ್ತು ಹೋಯ್ತಾ?" ಎಂದರು ಮುಂದಿನ ಸಾಲಿನಿಂದ ಭಟ್ಟರು.

"ಮರೆತೇ ಹೋಗಿದೆ. ಮಾನ ಉಳಿಸೋಣ," ಎಂದು ನಾನು ಪರದೆ ಎಳೆಸಿದೆ. ಒಳಗೊಳಗೇ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ. ಮರುದಿನದಿಂದ ವಾಸು ಗಲ್ಲಾದಲ್ಲಿದ್ದ. ನಾನು ಕಾಫಿಗೆ ಹೋದರೆ ತಲೆ ಎತ್ತುತ್ತಿರಲಿಲ್ಲ. ಗಿಟಾರನ್ನು ಅವನು ಮತ್ತೆ ಮುಟ್ಟಿದ್ದನ್ನು ಯಾರೂ ಕಾಣಲಿಲ್ಲ.

ಮೊಮ್ಮಗಳು ಫೋನು ಆರಿಸಲಿಲ್ಲ. "ಅಜ್ಜಾ, ವೇಟ್ ಮಾಡು ನೆ. ವಾಪಸ್ ಬರ್ತದೆ," ಎಂದಳು, ಗುಜರಾತಿ ಬೆರೆತ ತನ್ನ ಕನ್ನಡದಲ್ಲಿ.

ಬಂತು. ಅದೇ ಹಾಡು, ಎಲ್ಲೂ ಹೋಗಿಯೇ ಇರಲಿಲ್ಲವೆಂಬಂತೆ. ನನಗೆ ನಾಚಿಕೆಯಾಯಿತು, ಅವಳ ಮುಖ ನೋಡಲಾಗಲಿಲ್ಲ. ಅಂದು ಪರದೆ ಬಿದ್ದ ಮೇಲೂ ವಾಸು ಸ್ವಲ್ಪ ಹೊತ್ತು ನುಡಿಸುತ್ತಲೇ ಇದ್ದ. ಪಲ್ಲವಿಗೆ ಮರಳಿದನೋ ಏನೋ, ನನಗೆ ಕೇಳಿಸಲಿಲ್ಲ. ಉಪಾಹಾರ ಸಿದ್ಧವಿದೆ ಎಂದು ನಾನು ಮೈಕಿನಲ್ಲಿ ಕೂಗುತ್ತಿದ್ದೆ.