ಊರು ಕೇಳುವ ಕಾಕೂ

ಗೋಕಾಕ ಫಾಲ್ಸಿನಲ್ಲಿ ನಮ್ಮ ಬಾಜೂ ಮನೆಯ ಹೆಂಗಸನ್ನು ಓಣಿಯೆಲ್ಲ ಕಾಕೂ ಎಂದೇ ಕರೆಯುತ್ತಿತ್ತು. ಯಾರು ಏನು ಹೇಳಹೊರಟರೂ ಅವರ ಮೊದಲ ಮಾತು, "ಯಾವೂರಾಗ?" ಮುರಿದ ಮದುವೆಯ ಸುದ್ದಿಯಿರಲಿ, ಮೈಮೇಲೆ ಬಂದ ದೆವ್ವದ ಸುದ್ದಿಯಿರಲಿ, ಕೌಜಲಗಿ ಅಂತಲೋ ಮಮದಾಪುರ ಅಂತಲೋ ಅಂದಮೇಲೆಯೇ ರೊಟ್ಟಿ ಬಡಿಯುವ ಕೈ ನಿಲ್ಲುತ್ತಿತ್ತು. ಊರಿಲ್ಲದ ಮಾತು ಆ ಸದ್ದಿನಲ್ಲೇ ಮುಳುಗಿಹೋಗುತ್ತಿತ್ತು.

ನಾನೊಂದು ಮಾಯಾಲೋಕದ ಕಥೆ ಬರೆದೆ. ಜಲಪಾತದ ಕೆಳಗೊಂದು ಪೇಟೆ. ನೀರಿಗೆ ಬಿದ್ದವರೆಲ್ಲ ಅಲ್ಲಿ ಅಂಗಡಿ ಇಟ್ಟುಕೊಂಡು, ಮಿಲ್ಲಿನ ಪಾಳಿ ಮಾಡಿಕೊಂಡು ಬದುಕುತ್ತಾರೆ. ಕಾಕೂ ಅವರ ಮಗಳು ನಮ್ಮ ಫಾಲ್ಸಿನಲ್ಲೇ ಬಿದ್ದವಳು, ಸಿಕ್ಕಿರಲಿಲ್ಲ. ಅವರಿಗೆ ನೋವಾಗಬಾರದೆಂದು ಕಥೆಯ ಊರಿಗೆ ನೊರೆಪುರ ಎಂದು ಹೆಸರಿಟ್ಟೆ.

ಒಂದು ಮಧ್ಯಾಹ್ನ ಅವರೇ ಒಲೆಯ ಹತ್ತಿರ ಕೂರಿಸಿಕೊಂಡು ಓದಿಸಿದರು.

"ಯಾವೂರಾಗ?"

"ನೊರೆಪುರ್ರಿ, ಕಾಕೂ."

"ಎಲ್ಲೈತಿ ಅದು?"

"ಎಲ್ಲೂ ಇಲ್ರಿ. ನಾನ ಹುಟ್ಟಿಸಿದ್ದು."

ಕೈ ನಿಲ್ಲಲಿಲ್ಲ. ನಾನು ಓದುತ್ತಲೇ ಹೋದೆ. ಕೊನೆಯಲ್ಲಿ ಒಬ್ಬ ಹುಡುಗಿ ತನ್ನ ಬಳೆ ಅಂಗಡಿಯ ದೀಪ ಹಚ್ಚಿ, ನೀರಿನ ಆಚೆ ಮೇಲಕ್ಕೆ ನೋಡುತ್ತಾಳೆ. ಓದಿ ಮುಗಿಸಿದಾಗ ರೊಟ್ಟಿ ಬಡಿಯುವ ಸದ್ದಿರಲಿಲ್ಲ. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು, ಕಾಕೂ ಅದನ್ನು ತಿರುವಿ ಹಾಕಲಿಲ್ಲ.

"ತಮ್ಮಾ," ಅಂದರು, "ನಮ್ಮೂರ ಹೆಸರ ಹಾಕು. ಇಲ್ಲದ ಊರಾಗ ಕುಂಡ್ರಿಸಿದ್ರ ಅಕಿ ಹೊಳ್ಳಿ ಮನಿಗೆ ಹ್ಯಾಂಗ ಬರ್ತಾಳ?"